ಬೀಗ ಸರಿ, ಕೀಲಿಕೈ ಯಾರ ಹತ್ತಿರ?

ವ್ಯಾಪಾರಸ್ಥರ ಮನೆಯಲ್ಲಿ ಹುಟ್ಟಿದವರಿಗೆ ಎರಡು ಮಾತುಗಳನ್ನು ಯಾರೂ ಕಲಿಸಬೇಕಾಗಿಲ್ಲ. ಬರೆದಿಟ್ಟದ್ದು ಉಳಿಯುತ್ತದೆ, ಬಾಯಿಮಾತು ಹಾರಿಹೋಗುತ್ತದೆ ಎಂಬುದು ಒಂದು. ಒಬ್ಬ ಗಿರಾಕಿಯ ಬಾಕಿ ಇನ್ನೊಬ್ಬ ಗಿರಾಕಿಯ ಕಿವಿಗೆ ಬೀಳಬಾರದು ಎಂಬುದು ಎರಡನೆಯದು. ಹಿರಿಯರು ಕೀರ್ದಿ, ಖತಾವಣಿ ಬರೆದದ್ದು ಮೊದಲನೆಯ ಮಾತಿಗಾಗಿ. ಬರೆದದ್ದನ್ನು ತಿಜೋರಿಯಲ್ಲಿಟ್ಟು ಬೀಗ ಹಾಕಿದ್ದು ಎರಡನೆಯ ಮಾತಿಗಾಗಿ. ಇಂದು ಈ ಎರಡೂ ಕೆಲಸಗಳನ್ನು ಅಂಗೈಯಗಲದ ಫೋನು ಮಾಡುತ್ತಿದೆ. ಮಾಲಿನ ಆರ್ಡರು, ದರ, ಬಿಲ್ಲಿನ ಫೋಟೋ, ಬಾಕಿಯ ವಾಯಿದೆ, ಮದುವೆಯ ಆಮಂತ್ರಣ, ಸಾವಿನ ಸುದ್ದಿ, ಎಲ್ಲವೂ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತವೆ, ಅಲ್ಲಿಯೇ ಉಳಿಯುತ್ತವೆ. ಆದರೆ ಆ ಫೋನು ಕೆಟ್ಟು ಹೊಸದು ಬಂದಾಗ ಇದೆಲ್ಲ ಎಲ್ಲಿಂದ, ಹೇಗೆ, ಯಾರ ಕೈಯಿಂದ ತಿರುಗಿ ಬರಬೇಕು ಎಂಬುದನ್ನು ಎಷ್ಟು ಮನೆಗಳಲ್ಲಿ ಮೊದಲೇ ಯೋಚಿಸಿಟ್ಟಿದ್ದಾರೆ? ಈಚೆಗೆ ನಮ್ಮ ಮನೆಯಲ್ಲಿ ನಡೆದ ಸಂಗತಿ ಬಂಧುಗಳಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ. ನಾವು ಮೆಟ್ರಿಕ್‌ವರೆಗೆ ಕಲಿತವರು. ತಾಂತ್ರಿಕ ವಿಷಯವನ್ನು ನಮಗೆ ತಿಳಿದಷ್ಟು, ಅಂಗಡಿಯ ಭಾಷೆಯಲ್ಲಿ ಹೇಳುತ್ತೇವೆ.

ಅಕ್ಕಲಕೋಟೆಯಲ್ಲಿ ನಮ್ಮದು ಅರಿವೆ ಅಂಗಡಿ. ಸೊಲ್ಲಾಪುರದ ಚಾದರ, ಟಾವೆಲ್ಲು, ಇಚಲಕರಂಜಿಯ ಬಟ್ಟೆ ಮುಖ್ಯ ಮಾಲು. ಗಿರಾಕಿಗಳು ದುಧನಿ, ಆಳಂದ, ಅಫಜಲಪುರದ ಕಡೆಯವರು; ಹೆಚ್ಚಿನವರು ಒಕ್ಕಲುತನದವರು. ಮನೆಯಲ್ಲಿ ಕನ್ನಡ, ಕಚೇರಿಗೆ ಮರಾಠಿ, ಬಿಲ್ಲಿಗೆ ಇಂಗ್ಲಿಷು ಎಂಬಂತೆ ನಡೆದು ಬಂದಿದೆ. ಅಂಗಡಿಯ ಫೋನನ್ನು ಮೊದಲಿನಿಂದಲೂ ನಮ್ಮ ಅಣ್ಣನವರೇ ನೋಡಿಕೊಳ್ಳುತ್ತಿದ್ದರು. 2024ರ ಭಾದ್ರಪದದಲ್ಲಿ ಅವರು ತೀರಿಕೊಂಡರು. ಅಲ್ಲಿಂದ ಮುಂದೆ ಗಾದಿಯೂ ಫೋನೂ ನಮ್ಮ ಕೈಗೆ ಬಂದವು. 2025ರ ಮಳೆಗಾಲದಲ್ಲಿ ಒಂದು ಮುಂಜಾನೆ ಆ ಫೋನು ಹತ್ತಲೇ ಇಲ್ಲ. ದುರಸ್ತಿಯವನು ಬಿಚ್ಚಿ ನೋಡಿ, ಒಳಗಿನ ಬೋರ್ಡು ಸುಟ್ಟಿದೆ, ಇದರಲ್ಲಿ ಏನೂ ತೆಗೆಯಲಾಗದು ಎಂದು ಹೇಳಿದ.

ಹೊಸ ಫೋನು ಕೊಂಡೆವು. ಮಾರಿದ ಅಂಗಡಿಯ ಹುಡುಗನೇ ಹಳೆಯ ಸಿಮ್ಮು ಹಾಕಿ, ಅಣ್ಣನವರ ಗೂಗಲ್ ಖಾತೆಯನ್ನು ಕೂಡಿಸಿದ. ಜಿಎಸ್‌ಟಿ ಕಾಗದಗಳು ಅದೇ ಮೇಲಿಗೆ ಬರುವುದರಿಂದ ಅದರ ಪಾಸ್‌ವರ್ಡು ನಮ್ಮ ಲೆಕ್ಕದವರಿಗೆ ಗೊತ್ತಿತ್ತು. ವಾಟ್ಸ್‌ಆ್ಯಪ್ ಹಾಕಿದಾಗ, ಹಳೆಯ ಬ್ಯಾಕಪ್ ಸಿಕ್ಕಿದೆ, ತೆರೆಯಲು 64 ಅಂಕಿಗಳ ಕೀಲಿಯನ್ನು ಕೊಡಿರಿ ಎಂಬ ಅರ್ಥದ ಬರಹ ಬಂತು. ಹುಡುಗನಿಗೆ ಅವಸರ, ಹಿಂದೆ ನಾಲ್ಕು ಗಿರಾಕಿಗಳು ನಿಂತಿದ್ದರು. ಅವನು ಬಿಟ್ಟುಬಿಡಿ ಎಂಬ ಗುಂಡಿಯನ್ನು ಒತ್ತಿ, ಮುಂದೆ ದಿನಾಲೂ ಬ್ಯಾಕಪ್ ಆಗಲಿ ಎಂದು ಇನ್ನೊಂದನ್ನೂ ಒತ್ತಿ, ‘ಹಳೇದು ಹೋತ್ರಿ ಕಾಕಾ, ಇನ್ನ ಹೊಸದಾಗಿ ಶುರು ಮಾಡ್ರಿ’ ಎಂದು ಕೈಗೆ ಕೊಟ್ಟ. ಫೋನು ಹೊಸದು, ಹೊಳಪು ಹೊಸದು, ಒಳಗೆ ಒಂದು ಅಕ್ಷರವಿಲ್ಲ.

ಮನೆಗೆ ಬಂದು ಹೇಳಿದಾಗ ಹನ್ನೆರಡನೆಯ ತರಗತಿಯಲ್ಲಿ ಓದುವ ಮೊಮ್ಮಗಳು ಗಾಬರಿಯಾದಳು. ಹಳೆಯದು ಹೋಗಿಲ್ಲ, ಇನ್ನೂ ಗೂಗಲ್ ಡ್ರೈವ್‌ನಲ್ಲಿ ಇದೆ. ಆದರೆ ಇಂದು ರಾತ್ರಿ ಹೋಗಬಹುದು ಎಂದಳು. ಅವಳು ಬಿಡಿಸಿ ಹೇಳಿದ ಮೇಲೆ ನಮಗೆ ಅರ್ಥವಾಯಿತು. ಒಂದು ನಂಬರಿಗೆ ಒಂದು ಗೂಗಲ್ ಖಾತೆಯಲ್ಲಿ ಒಂದೇ ಬ್ಯಾಕಪ್ ಇರುತ್ತದೆ. ಹೊಸ ಬ್ಯಾಕಪ್ ಹೋಗಿ ಕುಳಿತರೆ ಹಳೆಯದರ ಜಾಗವನ್ನೇ ಅದು ಹಿಡಿಯುತ್ತದೆ. ಹಿಂದಿನದನ್ನು ಮತ್ತೆ ತೆಗೆಯುವ ದಾರಿಯಿಲ್ಲ. ಬ್ಯಾಕಪ್ ತಾನಾಗಿ ಆಗುವುದು ಹೆಚ್ಚಾಗಿ ನಡುರಾತ್ರಿ ದಾಟಿದ ಮೇಲೆ, ಎರಡು ಗಂಟೆಯ ಸುಮಾರಿಗೆ. ಅಂದರೆ ಆ ಖಾಲಿ ವಾಟ್ಸ್‌ಆ್ಯಪ್ ಆ ರಾತ್ರಿ ತನ್ನ ಬರಿಗೈಯನ್ನು ಒಯ್ದು ಅಣ್ಣನವರ ವರ್ಷಗಟ್ಟಲೆಯ ಬರಹದ ಮೇಲೆ ಇಡುವುದಿತ್ತು. ಮೊಮ್ಮಗಳು ಮೊದಲು ಇಂಟರ್ನೆಟ್ ನಿಲ್ಲಿಸಿದಳು, ಆಮೇಲೆ ವಾಟ್ಸ್‌ಆ್ಯಪ್‌ಅನ್ನೇ ತೆಗೆದುಹಾಕಿದಳು. ಕೀಲಿ ಸಿಗುವವರೆಗೆ ಇದನ್ನು ಮತ್ತೆ ಹಾಕುವುದು ಬೇಡ ಎಂದಳು. ಗಿರಾಕಿಗಳಿಗೆ ಎರಡು ದಿನ ಫೋನು ಮಾಡಿಯೇ ಮಾತಾಡಿರೆಂದು ತಿಳಿಸಿದೆವು.

ಇಲ್ಲಿ ಈ ಬೀಗದ ವಿಷಯವನ್ನು ಸ್ವಲ್ಪ ಹೇಳಬೇಕು. ವಾಟ್ಸ್‌ಆ್ಯಪ್ 2009ರಲ್ಲಿ ಹುಟ್ಟಿತು. 2014ರಲ್ಲಿ ಅದನ್ನು ಫೇಸ್‌ಬುಕ್ ಕಂಪನಿ ಕೊಂಡುಕೊಂಡಿತು. 2016ರ ಏಪ್ರಿಲ್‌ನಿಂದ ಅದರಲ್ಲಿ ಹೋಗುವ ಎಲ್ಲ ಸಂದೇಶಗಳಿಗೆ ತುದಿಯಿಂದ ತುದಿಯವರೆಗೆ ಬೀಗ ಬಿತ್ತು. ಕಳಿಸುವವರ ಫೋನಿನಲ್ಲಿ ಬರಹವು ಗುಪ್ತಲಿಪಿಯಾಗಿ ಹೊರಡುತ್ತದೆ; ಪಡೆಯುವವರ ಫೋನಿನಲ್ಲಿ ಮಾತ್ರ ತೆರೆಯುತ್ತದೆ; ನಡುವೆ ಕಂಪನಿಯವರಿಗೂ ಓದಲು ಬರುವುದಿಲ್ಲ. ಆದರೆ ಗೂಗಲ್ ಡ್ರೈವ್‌ನಲ್ಲಿ ಇಡುವ ನಕಲಿಗೆ, ಅಂದರೆ ಬ್ಯಾಕಪ್ಪಿಗೆ, ಈ ಬೀಗವಿರಲಿಲ್ಲ. ಮುಂಬಾಗಿಲಿಗೆ ಭದ್ರ ಕೀಲಿ ಹಾಕಿ ಹಿತ್ತಲ ಬಾಗಿಲಿಗೆ ಬರೀ ಅಗಳಿ ಇಟ್ಟ ಹಾಗೆ ಇತ್ತು. 2021ರ ಅಕ್ಟೋಬರಿನಲ್ಲಿ ಬ್ಯಾಕಪ್ಪಿಗೂ ಬೀಗ ಹಾಕುವ ಸೌಲಭ್ಯ ಬಂತು. ಬೇಕೆಂದವರು ಮಾತ್ರ ಹಾಕಿಕೊಳ್ಳಬೇಕು. ಅದಕ್ಕೆ ಎರಡು ರೀತಿಯ ಕೀಲಿಕೈ. ಒಂದು, ನಾವೇ ಗೊತ್ತುಮಾಡಿಕೊಳ್ಳುವ ಪಾಸ್‌ವರ್ಡು. ಇನ್ನೊಂದು, ಫೋನೇ ಸೃಷ್ಟಿಸಿ ತೋರಿಸುವ 64 ಅಕ್ಷರಗಳ ಕೀಲಿ. ಅದರಲ್ಲಿ ಅಂಕಿಗಳೂ ಇಂಗ್ಲಿಷಿನ ಎ ಇಂದ ಎಫ್‌ವರೆಗಿನ ಸಣ್ಣ ಅಕ್ಷರಗಳೂ ಇರುತ್ತವೆ.

ಪಾಸ್‌ವರ್ಡಿನ ದಾರಿ ಹಿಡಿದವರಿಗೆ ಕಂಪನಿಯವರು ಒಂದು ಭದ್ರ ಕೋಠಿಯಲ್ಲಿ ಕೀಲಿಯನ್ನು ಇಡುತ್ತಾರೆ. ಸರಿಯಾದ ಪಾಸ್‌ವರ್ಡು ಹೇಳಿದರೆ ಕೋಠಿ ತೆರೆಯುತ್ತದೆ. ಆದರೆ ತಪ್ಪು ಪಾಸ್‌ವರ್ಡನ್ನು ಸಾಲುಸಾಲಾಗಿ ಹಾಕುತ್ತ ಹೋದರೆ, ಒಂದು ಮಿತಿಯ ನಂತರ ಆ ಕೀಲಿ ಶಾಶ್ವತವಾಗಿ ಯಾರಿಗೂ ಸಿಗದ ಹಾಗೆ ಆಗುತ್ತದೆ. ಕಳ್ಳನು ಕುಳಿತು ಒಂದೊಂದೇ ಊಹಿಸಬಾರದೆಂದು ಈ ಏರ್ಪಾಟು. 64ರ ಕೀಲಿಯ ದಾರಿ ಹಿಡಿದವರ ಕೀಲಿಯಾದರೋ ಕಂಪನಿಯ ಹತ್ತಿರ ಇರುವುದೇ ಇಲ್ಲ. ಅವರಿಗೆ ಎಷ್ಟು ಬರೆದುಕೊಂಡರೂ, ಮರಣ ಪ್ರಮಾಣಪತ್ರ ಕಳಿಸಿದರೂ ಅವರು ತೆರೆದು ಕೊಡಲಾರರು. ಕೊಡಲೊಲ್ಲರು ಎಂದಲ್ಲ, ಅವರ ಕೈಯಲ್ಲಿ ಅದು ಇಲ್ಲ.

ಅಣ್ಣನವರು ಹಿಡಿದದ್ದು ಈ ಎರಡನೆಯ ದಾರಿ. ಸ್ವಭಾವವೇ ಹಾಗೆ. ಗಿರಾಕಿಗಳ ಬಾಕಿ ಎಂದರೆ ಗಿರಾಕಿಗಳ ಮಾನ ಎನ್ನುತ್ತಿದ್ದರು. ಚೀಟಿಯ ಮೇಲೆ ಖರೀದಿಯ ದರವನ್ನು ಅಂಕಿಯಲ್ಲಿ ಬರೆಯದೆ ಮನೆತನದ ಸಂಕೇತಾಕ್ಷರಗಳಲ್ಲಿ ಬರೆಯುವುದನ್ನು ಕೊನೆಯವರೆಗೂ ಬಿಡಲಿಲ್ಲ. ಅಂಥವರು ಊರಿನ ಅರ್ಧ ಮನೆಗಳ ಉದ್ರಿಯ ಮಾತುಗಳನ್ನು ಬೀಗವಿಲ್ಲದ ಜಾಗದಲ್ಲಿ ಬಿಡುವವರಲ್ಲ. ಆದರೆ ಕೀಲಿಕೈ ಎಲ್ಲಿ? ಫೋನಿನಲ್ಲಿಯೇ ಬರೆದಿಟ್ಟಿದ್ದರೆ ಅದು ಫೋನಿನ ಜೊತೆಗೇ ಹೋಯಿತು. ತಲೆಯಲ್ಲಿ ಇಟ್ಟುಕೊಂಡಿದ್ದರೆ ಅವರ ಜೊತೆಗೆ ಹೋಯಿತು. ಪುಣೆಯಲ್ಲಿ ನೌಕರಿ ಮಾಡುವ ಅಣ್ಣನ ಮಗನಿಗೆ ಫೋನು ಮಾಡಿ ಕೇಳಿದೆವು, ಅವನಿಗೆ ಗೊತ್ತಿರಲಿಲ್ಲ. ತಿಜೋರಿ ನೋಡಿದೆವು, ಅವರ ಡೈರಿ ನೋಡಿದೆವು, ವಿಮೆಯ ಕಾಗದದ ಪೆಟ್ಟಿಗೆ ನೋಡಿದೆವು. ಕೆಲವರು ಅವರ ಹುಟ್ಟಿದ ದಿನ ಹಾಕಿ ನೋಡಿರಿ, ಮೊಮ್ಮಕ್ಕಳ ಹೆಸರು ಹಾಕಿ ನೋಡಿರಿ ಎಂದರು. 64 ಅಕ್ಷರಗಳ ಮುಂದೆ ಹುಟ್ಟಿದ ದಿನ ಎಲ್ಲಿ ನಿಲ್ಲುತ್ತದೆ?

ನಮಗೆ ನಿಜವಾಗಿ ಕಳವಳ ತಂದದ್ದು ಎರಡು ಸಂಗತಿ. ಅಣ್ಣನವರಿಗೆ ಬರೆಯುವುದಕ್ಕಿಂತ ಮಾತಾಡಿ ಕಳಿಸುವ ಅಭ್ಯಾಸ ಹೆಚ್ಚಿತ್ತು. ಅವರ ಧ್ವನಿ ಬೇರೆಲ್ಲಿಯೂ ಉಳಿದಿಲ್ಲ. ಮದುವೆಯ ವಿಡಿಯೋಗಳಲ್ಲಿ ಕೇಳುವುದು ಬರೀ ವಾದ್ಯ. ಎರಡನೆಯದು ವ್ಯವಹಾರದ್ದು. ಆಳಂದ ಕಡೆಯ ಒಬ್ಬ ಗಿರಾಕಿಯ ಖಾತೆಯಲ್ಲಿ 18,400 ರೂಪಾಯಿ ಬಾಕಿ ನಿಂತಿತ್ತು. ಆತ ತೀರಿಕೊಂಡಿದ್ದ. ಮಗ ಬಂದು, ‘ಹಿರಿಯ ಸಾಹುಕಾರ್ರು ಅಪ್ಪಗ ಆ ರೊಕ್ಕ ಬ್ಯಾಡ ಅಂತ ಹೇಳಿದ್ರಂತ್ರಿ, ಫೋನಿನ್ಯಾಗ ಹೇಳ್ಯಾರ ಅಂತಿದ್ದ’ ಎಂದಿದ್ದ. ಅವರ ಮನೆಯ ಫೋನೂ ಕಳೆದುಹೋಗಿತ್ತು. ಖತಾವಣಿಯಲ್ಲಿ ಮಾಫಿಯ ನಮೂದು ಇರಲಿಲ್ಲ. ಕೇಳಿದರೆ ಸತ್ತವರ ಮಾತಿಗೆ ತಪ್ಪಿದಂತೆ. ಬಿಟ್ಟರೆ ಬರೀ ಬಾಯಿಮಾತಿಗೆ ಬಾಕಿ ಬಿಟ್ಟರೆಂದು ನಾಳೆ ಹತ್ತು ಜನ ಬಂದು ನಿಲ್ಲುತ್ತಾರೆ. ನೋಡೋಣ ಎಂದು ಹೇಳಿ ಆ ಖಾತೆಯನ್ನು ಹಾಗೆಯೇ ಇಟ್ಟಿದ್ದೆವು. ಅಂಗಡಿಯ ಫೋನಿನಲ್ಲಿ ಎಲ್ಲ ಇದ್ದೀತು, ಬಿಡುವಾದಾಗ ಹುಡುಕಿದರಾಯಿತು ಎಂದುಕೊಂಡಿದ್ದಾಗಲೇ ಫೋನು ಸತ್ತಿತ್ತು.

ಎರಡನೆಯ ದಿನ ಮಧ್ಯಾಹ್ನ ಊಟಕ್ಕೆ ಕುಳಿತಾಗ ಈ ಮಾತೇ ನಡೆದಿತ್ತು. ಬಡಿಸುತ್ತಿದ್ದ ಅತ್ತಿಗೆಯವರು, ‘ಅದು ನಾಕ್ ನಾಕ್ ಅಕ್ಷರದ ಗುಂಪು ಏನು?’ ಎಂದು ಕೇಳಿದರು. ಎಲ್ಲರೂ ತಲೆಯೆತ್ತಿದೆವು. 2022ರ ಬೇಸಿಗೆಯಲ್ಲಿ ಒಂದು ದಿನ ಅಣ್ಣನವರು ಊಟಕ್ಕೆ ಕರೆದರೂ ಏಳದೆ, ಫೋನು ನೋಡಿ ಏನೋ ಬರೆಯುತ್ತ ಕುಳಿತಿದ್ದರಂತೆ. ಬರೆದ ಮೇಲೆ ಫೋನನ್ನು ಇವರ ಕೈಗೆ ಕೊಟ್ಟು, ನೀನು ಓದು, ನಾನು ತಾಳೆ ನೋಡುತ್ತೇನೆ ಎಂದರಂತೆ. ಹದಿನಾರು ಗುಂಪು ಓದುವಷ್ಟರಲ್ಲಿ ಅನ್ನ ಆರಿಹೋಗಿತ್ತು ಎಂದು ಅತ್ತಿಗೆಯವರು ನೆನಪು ಮಾಡಿಕೊಂಡರು. ಎಲ್ಲಿ ಬರೆದರು ಎಂದರೆ, ‘ಮತ್ತೆಲ್ಲಿ? ದಪ್ಪನ್ನ ಪುಸ್ತಕದಾಗ.’

ನಾವು ಯಾರೂ ಅತ್ತಿಗೆಯವರನ್ನು ಕೇಳಿರಲಿಲ್ಲ. ಫೋನಿನ ವಿಷಯ ಗಂಡಸರದು, ಹುಡುಗರದು ಎಂಬ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಅಣ್ಣನವರಿಗೆ ಆ ಭೇದವಿರಲಿಲ್ಲ. ಕೀಲಿಗೆ ಒಬ್ಬ ಸಾಕ್ಷಿ ಬೇಕೆಂದು ಅವರಿಗೆ ತೋರಿತ್ತು. ಹತ್ತಿರವಿದ್ದವರನ್ನು ಕರೆದು ಸಾಕ್ಷಿ ಮಾಡಿಕೊಂಡಿದ್ದರು.

2021ರ ದೀಪಾವಳಿ ಪಾಡ್ಯಕ್ಕೆ ಪೂಜಿಸಿ ಆರಂಭಿಸಿದ ಖತಾವಣಿಯನ್ನು ಮಾಳಿಗೆಯಿಂದ ಇಳಿಸಿದೆವು. ಕೊನೆಯ ಹಾಳೆಯ ಒಳಬದಿಗೆ ನಾಲ್ಕು ಸಾಲು, ಸಾಲಿಗೆ ನಾಲ್ಕು ಗುಂಪು, ಅವರದೇ ದುಂಡು ಅಕ್ಷರ. ಮೇಲೆ ‘ದುಕಾನದ ಫೋನಿನ ಕೀಲಿಕೈ’ ಎಂದು ಕನ್ನಡದಲ್ಲಿ ಬರೆದು, ಕೆಳಗೆ ತಾರೀಖು ಹಾಕಿ, ‘ತಾಳೆ ನೋಡಿದೆ’ ಎಂದು ಬರೆದಿದ್ದರು.

ಅದೇ ಸಂಜೆ ಮೊಮ್ಮಗಳು ವಾಟ್ಸ್‌ಆ್ಯಪ್‌ಅನ್ನು ಮತ್ತೆ ಹಾಕಿದಳು. ಇದೂ ಗೊತ್ತಿರಬೇಕಾದ ಮಾತು: ಹಳೆಯದನ್ನು ತಿರುಗಿ ತರುವ ಅವಕಾಶ ಸಿಗುವುದು ವಾಟ್ಸ್‌ಆ್ಯಪ್ ಹೊಸದಾಗಿ ಹಾಕಿ ನಂಬರು ಖಾತ್ರಿ ಮಾಡುವ ಆ ಹೊತ್ತಿನಲ್ಲಿ ಮಾತ್ರ. ದಾಟಿ ಮುಂದೆ ಹೋದರೆ ತೆಗೆದು ಮತ್ತೆ ಹಾಕಬೇಕು. ನಂಬರು ಮೊದಲಿನದೇ ಇರಬೇಕು, ಗೂಗಲ್ ಖಾತೆ ಮೊದಲಿನದೇ ಇರಬೇಕು. ನಾವು ಪುಸ್ತಕ ಹಿಡಿದು ಓದಿದೆವು, ಅವಳು ಒತ್ತಿದಳು. ಮೊದಲ ಸಲ ಕೀಲಿ ತಪ್ಪಾಗಿದೆ ಎಂದು ಬಂತು. ಮತ್ತೊಮ್ಮೆ ತಾಳೆ ನೋಡಿದೆವು. ಮೂರನೆಯ ಸಾಲಿನಲ್ಲಿ ಒಂದು ಅಕ್ಷರ ಆರರ ಅಂಕಿಯೋ ಇಂಗ್ಲಿಷಿನ ಸಣ್ಣ ಬಿ ಯೋ ತಿಳಿಯದ ಹಾಗಿತ್ತು. ಅತ್ತಿಗೆಯವರು ಬೇರೆ ಪುಟಗಳನ್ನು ತಿರುವಿ, ಅವರು ಆರನ್ನು ಬರೆಯುವಾಗ ಮೇಲಿನ ಕೊಕ್ಕೆಯನ್ನು ಬಾಗಿಸುತ್ತಿದ್ದರು, ಇದು ನೆಟ್ಟಗಿದೆ ಎಂದು ತೋರಿಸಿದರು. ಬಿ ಎಂದು ಒತ್ತಿದಾಗ ಬೀಗ ತೆರೆಯಿತು. ನಾಲ್ಕು ಜಿಬಿಯಷ್ಟು ಇತ್ತು. ಮೊದಲು ಬರಹಗಳು ಬಂದವು. ಫೋಟೋಗಳೂ ಧ್ವನಿಗಳೂ ರಾತ್ರಿಯೆಲ್ಲ ಒಂದೊಂದಾಗಿ ಇಳಿಯುತ್ತಿದ್ದವು.

ಮರುದಿನ ಆಳಂದದ ಗಿರಾಕಿಯ ಹೆಸರನ್ನು ತೆಗೆದು ನೋಡಿದೆವು. ಜೂನ್ 2024ರಲ್ಲಿ ಅಣ್ಣನವರು ಕಳಿಸಿದ ಧ್ವನಿ, ಅರ್ಧ ನಿಮಿಷದ್ದು. ಮಗಳ ಮದುವೆ ಸಾಲದಾಗ ಮುಗಿಸಿದಿ, ಮಳಿ ಸರಿಯಾಗಿ ಆಗಿಲ್ಲ, ನನ್ನ ಪುಸ್ತಕದಾಗಿಂದು ತಲಿಮ್ಯಾಲೆ ಇಟ್ಕೋಬ್ಯಾಡ, ಅದನ್ನ ನಾ ಪಾಡ್ಯಕ್ಕ ತೆಗದು ಹಾಕ್ತೀನಿ ಎಂದು ಹೇಳಿದ್ದರು. ಆ ವರ್ಷದ ಪಾಡ್ಯಕ್ಕೆ ಅವರು ಇರಲಿಲ್ಲ. ನಾವು ಅದೇ ದಿನ ಆ ಖಾತೆಯನ್ನು ತೀರಿಸಿ ಬರೆದೆವು, ಮಗನನ್ನು ಕರೆಸಿ ಅವನ ಮುಂದೆಯೂ ಆ ಧ್ವನಿ ಕೇಳಿಸಿದೆವು. ಅವನು ಏನೂ ಮಾತಾಡಲಿಲ್ಲ. ತಂದೆಯ ಮಾತು ಸುಳ್ಳಾಗಲಿಲ್ಲ ಎಂಬ ಸಮಾಧಾನ ಮುಖದ ಮೇಲೆ ಕಾಣುತ್ತಿತ್ತು. 18,400 ರೂಪಾಯಿ ಹೋಯಿತೆಂದು ಲೆಕ್ಕದವರು ಬರೆದುಕೊಂಡರು. ಅಣ್ಣನವರು ಕೊಟ್ಟ ಮಾತು ಅವರ ಹಿಂದೆಯೂ ನಿಂತಿತು ಎಂಬುದು ನಮ್ಮ ಲೆಕ್ಕ.

ಆ ಫೋನಿನಲ್ಲಿ ಅಣ್ಣನವರ ಸ್ವಂತ ಗೆಳೆಯರ ಮಾತುಗಳೂ ಇವೆ. ಅತ್ತಿಗೆಯವರು ಅವನ್ನು ತೆರೆಯುವುದು ಬೇಡವೆಂದರು. ಅಂಗಡಿಯ, ಮನೆಯ ಮಾತುಗಳನ್ನಷ್ಟೇ ನೋಡುತ್ತೇವೆ. ಸತ್ತವರ ಪೆಟ್ಟಿಗೆಯ ಕೀಲಿಕೈ ಸಿಕ್ಕಿತೆಂದು ಒಳಗಿನ ಎಲ್ಲ ಪತ್ರಗಳನ್ನು ಓದಬೇಕೆಂದೇನಿಲ್ಲ.

ಇಷ್ಟೆಲ್ಲ ಆದ ಮೇಲೆ ನಮ್ಮ ಬಳಗದ ಕೆಲವರು, ಈ ಬೀಗವೇ ಬೇಡ, ತೆಗೆದುಹಾಕಿರಿ, ಸುಮ್ಮನೆ ತಲೆನೋವು ಎಂದರು. ನಾವು ಒಪ್ಪಲಿಲ್ಲ. ಬೀಗದಿಂದ ನಮಗೆ ತೊಂದರೆಯಾಗಲಿಲ್ಲ. ಕೀಲಿಕೈ ಒಂದಿದೆ ಎಂಬುದು ಒಬ್ಬರಿಗೆ ಮಾತ್ರ ನೆನಪಿತ್ತು, ತೊಂದರೆ ಅಲ್ಲಿತ್ತು. ನಮ್ಮ ಮಾಳಿಗೆಯ ಮೇಲೆ ಅಜ್ಜನವರ ಕಾಲದ ವಹಿಗಳು ಹನ್ನೆರಡು ಇವೆ. ಬೀಗವಿಲ್ಲ, ಹುಳ ಹಿಡಿದಿಲ್ಲ, ಶಾಯಿ ಮಾಸಿಲ್ಲ. ಆದರೆ ಅವೆಲ್ಲ ಮೋಡಿ ಲಿಪಿಯಲ್ಲಿವೆ. 1950ರ ದಶಕದ ಹೊತ್ತಿಗೆ ಆ ಲಿಪಿಯ ಬಳಕೆ ನಿಂತುಹೋಯಿತು. ನಮ್ಮ ತಂದೆಯವರಿಗೆ ಓದಲು ಬರುತ್ತಿತ್ತು, ನಮಗೆ ಬರುವುದಿಲ್ಲ. ಪುಸ್ತಕವಿದೆ, ಓದುವವರಿಲ್ಲ. ಹಾಗಾದರೆ ಬೀಗ ತೆಗೆದಿಟ್ಟ ಮಾತ್ರಕ್ಕೆ ಯಾವುದೂ ಉಳಿಯುವುದಿಲ್ಲ; ಒಬ್ಬರಿಂದ ಇನ್ನೊಬ್ಬರಿಗೆ ತಿಳಿವಳಿಕೆ ದಾಟಬೇಕು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಚಿಕ್ಕಂದಿನಿಂದ ಕೇಳಿದ್ದೇವೆ. ಒಂದೇ ಕಡೆ ಒಂದೇ ಪ್ರತಿ ಇದ್ದರೆ ಏನಾಗುತ್ತದೆಂದು ಆ ಮಹಾತಾಯಿಗೆ ಗೊತ್ತಿತ್ತು. ನಮಗೆ ಸಾವಿರ ಬೇಡ, ಎರಡು ಸಾಕು.

ನಮ್ಮ ಅನುಭವದಿಂದ ಬಂಧುಗಳಿಗೆ ಹೇಳಬೇಕಾದ ಮಾತುಗಳು ಇಷ್ಟು.

ಹಳೆಯ ಫೋನು ಜೀವಂತ ಇರುವಾಗಲೇ ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್ ಎಂಬಲ್ಲಿಗೆ ಹೋಗಿ ಕಡೆಯ ಬ್ಯಾಕಪ್ ಯಾವ ದಿನದ್ದು, ಯಾವ ಗೂಗಲ್ ಖಾತೆಗೆ ಹೋಗುತ್ತದೆ, ಬೀಗ ಇದೆಯೋ ಇಲ್ಲವೋ ನೋಡಿಕೊಳ್ಳಿರಿ. ಪಾಸ್‌ವರ್ಡು ಮರೆತಿದ್ದರೆ ಹಳೆಯ ಫೋನು ನಡೆಯುತ್ತಿರುವಾಗ ಅಲ್ಲಿಯೇ ಹೊಸದನ್ನು ಇಟ್ಟುಕೊಳ್ಳಬಹುದು. ಬೆರಳಚ್ಚು ಅಥವಾ ಪರದೆಯ ಬೀಗ ಕೇಳುತ್ತದೆ, ಅಷ್ಟೆ. ಫೋನು ಹೋದ ಮೇಲೆ ಆ ದಾರಿ ಮುಚ್ಚುತ್ತದೆ.

ಮೂರು ಬೇರೆ ಬೇರೆ ಸಂಖ್ಯೆಗಳನ್ನು ಒಂದೆಂದು ತಿಳಿಯಬೇಡಿರಿ. ಎಸ್‌ಎಂಎಸ್‌ನಲ್ಲಿ ಬರುವ ಆರಂಕಿಯ ಕೋಡು ನಂಬರಿನ ಖಾತ್ರಿಗೆ. ಅದನ್ನು ಯಾರಿಗೂ ಹೇಳಬಾರದು. ನಾವೇ ಇಟ್ಟುಕೊಳ್ಳುವ ಆರಂಕಿಯ ಪಿನ್ನು ಖಾತೆಯ ಕಾವಲಿಗೆ. ಬ್ಯಾಕಪ್ಪಿನ ಪಾಸ್‌ವರ್ಡು ಅಥವಾ 64ರ ಕೀಲಿ ಇವೆರಡಕ್ಕಿಂತ ಬೇರೆ. 2025ರ ಅಕ್ಟೋಬರಿನಲ್ಲಿ ಬೆರಳಚ್ಚು, ಮುಖ ಅಥವಾ ಪರದೆಯ ಬೀಗದಿಂದಲೇ ಬ್ಯಾಕಪ್ ತೆರೆಯುವ ಪಾಸ್‌ಕೀ ಎಂಬುದನ್ನೂ ಕಂಪನಿಯವರು ಪ್ರಕಟಿಸಿದರು. ಒಬ್ಬರೇ ಬಳಸುವ ಫೋನಿಗೆ ಅದು ಸುಲಭ. ಆದರೆ ಹತ್ತು ಜನರ ಅಂಗಡಿಯ ಫೋನು ಒಬ್ಬರ ಬೆರಳಿನ ಮೇಲೆ ನಿಲ್ಲಬಾರದೆಂದು ನಮ್ಮ ಅಭಿಪ್ರಾಯ.

ಗೂಗಲ್ ಖಾತೆಯಲ್ಲಿ ಜಾಗ ನೋಡುತ್ತಿರಿ. ಮೊದಲು ವಾಟ್ಸ್‌ಆ್ಯಪ್ ಬ್ಯಾಕಪ್ಪಿಗೆ ಜಾಗದ ಲೆಕ್ಕವಿರಲಿಲ್ಲ. 2024ರ ಆರಂಭದಿಂದ ಅದು ಪುಕ್ಕಟೆ ಸಿಗುವ 15 ಜಿಬಿಯಲ್ಲಿಯೇ ಸೇರುತ್ತ ಬಂದಿದೆ. ಜಾಗ ತುಂಬಿದರೆ ಬ್ಯಾಕಪ್ ನಿಲ್ಲುತ್ತದೆ. ತೀರಿಕೊಂಡ ಹಿರಿಯರ ಗೂಗಲ್ ಖಾತೆಯನ್ನು ಎರಡು ವರ್ಷ ಯಾರೂ ಬಳಸದಿದ್ದರೆ ಗೂಗಲ್‌ನವರು ಅಳಿಸಬಹುದು. ಅವರ ಸಿಮ್ಮಿಗೆ ರಿಚಾರ್ಜು ಮಾಡುವುದನ್ನು ಬಿಡಬೇಡಿರಿ. ನಿಂತುಹೋದ ನಂಬರನ್ನು 90 ದಿನಗಳ ನಂತರ ಬೇರೊಬ್ಬರಿಗೆ ಕೊಡಬಹುದು.

ಮಕ್ಕಳು ತಾವು ಬಳಸಿದ ಐಫೋನನ್ನು ತಂದೆತಾಯಿಗಳಿಗೆ ಕೊಡುವುದು ಈಗ ರೂಢಿ. ಗೂಗಲ್ ಡ್ರೈವ್‌ನ ಬ್ಯಾಕಪ್ ಐಫೋನಿನಲ್ಲಿ ತೆರೆಯುವುದಿಲ್ಲ. ಎರಡೂ ಫೋನುಗಳನ್ನು ಮುಂದಿಟ್ಟುಕೊಂಡು ನೇರವಾಗಿ ದಾಟಿಸಬೇಕು. ಎರಡೂ ಆಂಡ್ರಾಯ್ಡ್ ಇದ್ದರೆ 2023ರಿಂದ ಕ್ಯೂಆರ್ ಗುರುತು ತೋರಿಸಿ ದಾಟಿಸುವ ಸುಲಭ ಮಾರ್ಗವಿದೆ. ಅದಕ್ಕಾಗಿ ಹೊಸದು ಬಂದ ದಿನವೇ ಹಳೆಯದನ್ನು ಮಾರಬಾರದು. ಅಂಗಡಿಯಲ್ಲಿ ನಿಂತು ಅವಸರದಿಂದ ಮಾಡಿಸುವ ಕೆಲಸವೂ ಇದಲ್ಲ.

ನಮ್ಮ ಮನೆಯಲ್ಲಿ ಈಗ ಕೀಲಿ ಎರಡು ಕಡೆ ಬರೆದಿದೆ. ಒಂದು ಹೊಸ ಖತಾವಣಿಯ ಕೊನೆಯ ಹಾಳೆಯಲ್ಲಿ, ಇನ್ನೊಂದು ಮನೆಯ ತಿಜೋರಿಯ ಲಕೋಟೆಯಲ್ಲಿ. ಆರು ಮತ್ತು ಬಿ ಬೇರೆ ಕಾಣುವಂತೆ, ಬಿ ಅಕ್ಷರದ ಕೆಳಗೆ ಗೆರೆ ಎಳೆದಿದ್ದೇವೆ. ಫೋಟೋ ತೆಗೆದಿಟ್ಟಿಲ್ಲ. ಪ್ರತಿ ಪಾಡ್ಯಕ್ಕೆ ಪುಸ್ತಕದ ಪೂಜೆಯಾದ ಮೇಲೆ ಇಬ್ಬರು ಕುಳಿತು ತಾಳೆ ನೋಡಬೇಕೆಂದು ಗೊತ್ತುಮಾಡಿದ್ದೇವೆ. ಓದುವವರು ಅತ್ತಿಗೆಯವರು, ನೋಡುವವಳು ಮೊಮ್ಮಗಳು.